ಕೊಳಲಿಗೆ ಕಂಠವನ್ನು ಕೊಟ್ಟ ಪನ್ನಾಲಾಲ್ ಘೋಷ್

ಕೊಳಲೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಗೋಪಾಲಕೃಷ್ಣನ ಮೂರ್ತಿ. ಹೊಯ್ಸಳರ ಗುಡಿಗಳ ಭಿತ್ತಿಯಲ್ಲಿ ಅವನಿದ್ದಾನೆ, ದಾಸರ ಪದಗಳಲ್ಲಿ ಇದ್ದಾನೆ, ಅಂಗಡಿಯವರು ಹೊಸವರ್ಷಕ್ಕೆ ಹಂಚುವ ಕ್ಯಾಲೆಂಡರಿನಲ್ಲಿಯೂ ಇದ್ದಾನೆ. ದೇವರ ಕೈಯಲ್ಲಿ ಇಷ್ಟೊಂದು ಗೌರವವನ್ನು ಪಡೆದ ಈ ವಾದ್ಯವು ಮನುಷ್ಯರ ಸಭೆಯಲ್ಲಿ ಮಾತ್ರ ಬಹುಕಾಲ ಹಿಂದಿನ ಸಾಲಿನಲ್ಲಿಯೇ ಕುಳಿತಿತ್ತು. ದಕ್ಷಿಣದಲ್ಲಿ ಕುಂಭಕೋಣದ ಅಂಧ ವಿದ್ವಾಂಸರಾದ ಶರಭಶಾಸ್ತ್ರಿಗಳೂ ಅವರ ಬಳಿಕ ಪಲ್ಲಡಂ ಸಂಜೀವರಾಯರೂ ಅದನ್ನು ಕಚೇರಿಯ ವೇದಿಕೆಗೆ ಏರಿಸಿದರು. ಉತ್ತರಾದಿ ಸಂಗೀತದಲ್ಲಿಯಾದರೋ ವೀಣೆ, ಸಿತಾರ, ಸರೋದ್, ಸಾರಂಗಿಗಳ ನಡುವೆ ಕೊಳಲಿಗೆ ಆಸನವಿರಲಿಲ್ಲ. ಅದು ದನಗಾಹಿಗಳ ವಾದ್ಯ, ಭಜನೆಯ ಮೇಳದ ವಾದ್ಯ, ಹಾಡಿನ ನಡುವಣ ಬಿಡುವನ್ನು ತುಂಬುವ ವಾದ್ಯ ಎಂದು ಪಂಡಿತರು ಬಗೆದಿದ್ದರು. ಒಂದು ರಾಗವನ್ನು ಕೈಗೆತ್ತಿಕೊಂಡು ಗಂಟೆಗಟ್ಟಲೆ ವಿಸ್ತರಿಸುವ ಗಾಂಭೀರ್ಯವು ಈ ಬಿದಿರಿನ ತುಂಡಿಗೆ ಎಲ್ಲಿಂದ ಬರಬೇಕು ಎಂಬುದು ಅವರ ಸಂದೇಹ.

ಆ ಸಂದೇಹವನ್ನು ನಲವತ್ತೆಂಟು ವರ್ಷಗಳ ಚಿಕ್ಕ ಬಾಳಿನಲ್ಲಿ ನಿವಾರಿಸಿದವರು ಪನ್ನಾಲಾಲ್ ಘೋಷ್. ಅವರು ಬಂಗಾಳಿಗಳು. ಆದರೂ ಕನ್ನಡದ ಮಕ್ಕಳಾದ ನಮಗೆ ಅವರ ಕಥೆಯಲ್ಲಿ ಒಂದು ಪಾಲಿದೆ. ಅದನ್ನು ಮುಂದೆ ಹೇಳುವೆವು.

ಪನ್ನಾಲಾಲರು ಹುಟ್ಟಿದುದು 1911ರ ಜುಲೈ ತಿಂಗಳಿನಲ್ಲಿ, ಪೂರ್ವ ಬಂಗಾಳದ ಬಾರಿಸಾಲ್ ಎಂಬ ಊರಿನಲ್ಲಿ. ಈಗ ಅದು ಬಾಂಗ್ಲಾದೇಶಕ್ಕೆ ಸೇರಿದೆ. ಹಿರಿಯರು ಇಟ್ಟ ಹೆಸರು ಅಮಲ್ ಜ್ಯೋತಿ. ಮನೆಯಲ್ಲಿ ಕರೆದ ಹೆಸರು ಪನ್ನಾಲಾಲ್. ಲೋಕಕ್ಕೆ ತಿಳಿದುದು ಈ ಕರೆಯುವ ಹೆಸರೇ. ತಂದೆ ಅಕ್ಷಯಕುಮಾರ ಘೋಷರು ಸಿತಾರ ಬಾರಿಸುತ್ತಿದ್ದರು, ತಾಯಿ ಸುಕುಮಾರಿಯವರು ಹಾಡುತ್ತಿದ್ದರು. ತಮ್ಮನಾದ ನಿಖಿಲ್ ಘೋಷರು ಮುಂದೆ ತಬಲಾವಾದನದಲ್ಲಿ ದೊಡ್ಡ ಹೆಸರನ್ನು ಪಡೆದರು. ಬಾಲಕನ ಮೊದಲ ಪಾಠವು ತಂದೆಯಿಂದ ಸಿತಾರದ ಮೇಲೆಯೇ ಆಯಿತು. ಬಾರಿಸಾಲ್ ನದಿಗಳ ನಾಡು. ದೋಣಿ ನಡೆಸುವವರ ಹಾಡು ಅಲ್ಲಿಯ ಗಾಳಿಯಲ್ಲಿಯೇ ಇರುವುದು. ಒಂಬತ್ತು ವರ್ಷದ ಹುಡುಗನಿಗೆ ನದಿಯಲ್ಲಿ ತೇಲಿಬಂದ ಒಂದು ಬಿದಿರು ಕೋಲು ಸಿಕ್ಕಿತೆಂದೂ, ಅದು ಅರ್ಧ ಊರುಗೋಲು ಅರ್ಧ ಕೊಳಲು ಆಗಿತ್ತೆಂದೂ, ಅಂದಿನಿಂದ ಅವನು ಕೊಳಲನ್ನು ಬಿಡಲಿಲ್ಲವೆಂದೂ ಒಂದು ಕಥೆಯುಂಟು. ದೊಡ್ಡವರ ಬಾಲ್ಯಕ್ಕೆ ಇಂಥ ಬಳ್ಳಿಗಳು ಹಬ್ಬುವುದು ಸಹಜ. ನಾವು ಇದನ್ನು ಕಥೆಯೆಂದೇ ಹೇಳಿ ಮುಂದೆ ಸಾಗುತ್ತೇವೆ.

ಕಥೆಯಲ್ಲದ ಇನ್ನೊಂದು ಸಂಗತಿ ನಮಗೆ ಹೆಚ್ಚು ಮುಖ್ಯವಾಗಿ ತೋರುವುದು. ಪನ್ನಾಲಾಲರು ಹರೆಯದಲ್ಲಿ ಗರಡಿಯ ಹುಡುಗ. ವ್ಯಾಯಾಮ, ಕೋಲುವರಸೆ, ಮುಷ್ಟಿಯುದ್ಧ ಇವುಗಳಲ್ಲಿ ಪಳಗಿದವರು. ಸ್ವಾತಂತ್ರ್ಯದ ಗಾಳಿ ಬೀಸುತ್ತಿದ್ದ ಆ ಕಾಲದಲ್ಲಿ ಬಂಗಾಳದ ಗರಡಿಗಳೆಂದರೆ ದೇಶಾಭಿಮಾನದ ಶಾಲೆಗಳೂ ಆಗಿದ್ದುವು. ಎದೆಯನ್ನೂ ಉಸಿರನ್ನೂ ಹೀಗೆ ಮೊದಲೇ ಬಲಪಡಿಸಿಕೊಂಡವರು ಆಮೇಲೆ ಹಿಡಿದ ಕೊಳಲು ಎಂಥ ಉಸಿರನ್ನು ಬೇಡುವಂಥದು ಎಂಬುದನ್ನು ಓದುಗರು ಈಗಲೇ ನೆನಪಿನಲ್ಲಿಟ್ಟುಕೊಳ್ಳಬೇಕು.

ಇಪ್ಪತ್ತರ ಹರೆಯ ತುಂಬುವ ಮೊದಲೇ ಅವರು ಜೀವನೋಪಾಯವನ್ನು ಅರಸಿ ಕಲ್ಕತ್ತೆಗೆ ಬಂದರು. ಮಾತನಾಡುವ ಚಲನಚಿತ್ರಗಳು ಆಗತಾನೆ ಹುಟ್ಟುತ್ತಿದ್ದುವು. ನ್ಯೂ ಥಿಯೇಟರ್ಸ್ ಸಂಸ್ಥೆಯಲ್ಲಿ ರಾಯ್‌ಚಂದ್ ಬೋರಾಲರ ವಾದ್ಯವೃಂದಕ್ಕೆ ಅವರು ಸೇರಿಕೊಂಡರು. ಹೊಟ್ಟೆಗೆ ದಾರಿಯಾಯಿತು. ಆದರೆ ಮನಸ್ಸಿಗೆ ನೆಮ್ಮದಿಯಾಗಲಿಲ್ಲ. ಅವರಿಗೆ ಬೇಕಾಗಿದ್ದುದು ಖ್ಯಾಲ್ ಗಾಯಕನು ಹಾಡುವ ಹಾಗೆ ಕೊಳಲಿನಲ್ಲಿ ಹಾಡುವುದು. ಗಾಯಕನು ಮಂದ್ರಸ್ಥಾಯಿಯ ಆಳದಲ್ಲಿ ಒಂದು ಸ್ವರವನ್ನು ಹಿಡಿದು ನಿಲ್ಲುವನು, ಅಲ್ಲಿಂದ ಮೆಲ್ಲಮೆಲ್ಲನೆ ಮೇಲಕ್ಕೆ ಏರುವನು, ಒಂದು ಸ್ವರದಿಂದ ಮತ್ತೊಂದಕ್ಕೆ ಎಲ್ಲಿಯೂ ಕಡಿಯದೆ ಜಾರುವನು. ಆಗ ಬಳಕೆಯಲ್ಲಿದ್ದ ಗಿಡ್ಡ ಕೊಳಲಿಗೆ ಈ ಆಳವಿರಲಿಲ್ಲ. ಅದರ ದನಿ ತೆಳು, ಕೀರಲು. ಹಕ್ಕಿಯ ಕೂಗಿನಂತೆ ಇಂಪಾಗಿರಬಹುದು, ಮನುಷ್ಯನ ಎದೆಯ ದನಿಯಂತೆ ತುಂಬಿರಲಾರದು.

ಇಲ್ಲಿ ನಾವು ಸ್ವಲ್ಪ ನಿಂತು, ದನಿ ಎಂದರೇನು ಎಂಬುದನ್ನು ವಿಚಾರಿಸಬೇಕು. ನಮ್ಮ ಸುಲ್ತಾನ್ ಬಜಾರಿನಂಥ ಬೀದಿಗಳಲ್ಲಿ ಉದ್ದನೆಯ ಗಳುವಿಗೆ ಕೊಳಲುಗಳನ್ನು ಸಿಕ್ಕಿಸಿಕೊಂಡು ಮಾರುವವರು ಎಲ್ಲರಿಗೂ ಪರಿಚಿತರು. ಅವನು ನುಡಿಸುತ್ತ ಬಂದಾಗ ಜನ ತಿರುಗಿ ನೋಡುವರು. ಅದೇ ಗಳುವಿನಿಂದ ತೆಗೆದ ಕೊಳಲನ್ನು ಕೊಂಡ ಹುಡುಗನು ಊದಿದರೆ ಬರುವುದು ಬರಿಯ ಗಾಳಿಯ ಸದ್ದು, ಇಲ್ಲವೆ ಒಂದು ಕಿರಿಚು. ಹುಡುಗನು ತನಗೆ ಕೆಟ್ಟ ಕೊಳಲನ್ನು ಕೊಟ್ಟನೆಂದು ಮಾರುವವನನ್ನು ದೂರುವನು. ಮದುವೆಯ ಮೆರವಣಿಗೆಗಳಲ್ಲಿ ಬ್ಯಾಂಡಿನವರು ನುಡಿಸುವ ಕ್ಲಾರಿಯೊನೆಟ್ಟಿನ ವಿಷಯವೂ ಇದೇ. ಒಬ್ಬನ ಕೈಯಲ್ಲಿ ಅದು ಹಾಡುವುದು, ಮತ್ತೊಬ್ಬನ ಕೈಯಲ್ಲಿ ಬಾತುಕೋಳಿಯಂತೆ ಕೂಗುವುದು. ವಾದ್ಯವೊಂದೇ, ಉಸಿರು, ತುಟಿ, ಬೆರಳು ಬೇರೆ. ಕೊಳಲಿನಲ್ಲಿ ತುಟಿಗಳ ನಡುವಿನಿಂದ ಹೊರಟ ಗಾಳಿಯ ಎಳೆಯು ಊದುವ ರಂಧ್ರದ ಎದುರು ಅಂಚಿಗೆ ತಾಗಿ ಸೀಳಿಕೊಳ್ಳಬೇಕು. ಎಳೆ ತೀರ ಅಗಲವಾದರೆ ನಾದದೊಡನೆ ಗಾಳಿಯ ಸರಸರ ಸದ್ದು ಬೆರೆಯುವುದು. ಅಂಚನ್ನು ತಪ್ಪಿದರೆ ನಾದವೇ ಹುಟ್ಟದು. ಕ್ಲಾರಿಯೊನೆಟ್ಟಿನಲ್ಲಿ ಈ ಕೆಲಸವನ್ನು ಮಾಡುವುದು ಬಾಯಿಯ ತುದಿಗೆ ಕಟ್ಟಿದ ತೆಳುವಾದ ಜೊಂಡಿನ ಪಟ್ಟಿ. ಅದನ್ನು ತುಟಿಯಿಂದ ಅತಿಯಾಗಿ ಅದುಮಿದರೆ ದನಿ ಉಸಿರುಕಟ್ಟಿ ಸಣ್ಣಗಾಗುವುದು. ಸಡಿಲ ಬಿಟ್ಟರೆ ಒಡೆಯುವುದು. ಎರಡರಲ್ಲಿಯೂ ಗಾಳಿಯು ಹೊಟ್ಟೆಯ ಆಳದಿಂದ ಒಂದೇ ಸಮನಾಗಿ ಬರಬೇಕು, ಕೆನ್ನೆಯಿಂದಲ್ಲ. ಜೋರಾಗಿ ಊದಿದರೆ ದನಿ ದೊಡ್ಡದಾಗುವುದೆಂದು ಹೊಸಬರು ಎಣಿಸುತ್ತಾರೆ. ಕೊಳಲಿನಲ್ಲಿ ಹಾಗೆ ಊದಿದರೆ ಸ್ವರವು ಮೇಲಿನ ಸ್ಥಾಯಿಗೆ ಹಾರಿಬಿಡುವುದೇ ಹೊರತು ದನಿಯು ತುಂಬುವುದಿಲ್ಲ.

ಪನ್ನಾಲಾಲರು ಈ ಉಸಿರು ತುಟಿಗಳ ಸಾಧನೆಯನ್ನು ಮಾಡಿದವರೇ. ಆದರೆ ಎಷ್ಟು ಸಾಧನೆ ಮಾಡಿದರೂ ವಾದ್ಯದಲ್ಲಿ ಇಲ್ಲದ ಆಳವನ್ನು ಉಸಿರು ತಂದುಕೊಡಲಾರದು ಎಂಬುದು ಅವರಿಗೆ ಗೋಚರವಾಯಿತು. ಅವರು ವಾದ್ಯವನ್ನೇ ಬದಲಾಯಿಸಹೊರಟರು. ನಳಿಗೆ ಉದ್ದವಾದಷ್ಟೂ ನಾದವು ತಗ್ಗುವುದು. ಉದ್ದ ಇಮ್ಮಡಿಯಾದರೆ ಸ್ವರವು ಒಂದು ಸ್ಥಾಯಿ ಕೆಳಗಿಳಿಯುವುದು. ಇದು ಭೌತಶಾಸ್ತ್ರದ ತರಗತಿಯಲ್ಲಿ ಎಲ್ಲರೂ ಕಲಿಯುವ ಮಾತು. ಪನ್ನಾಲಾಲರು ನಾನಾ ಉದ್ದಗಳಲ್ಲಿ, ಲೋಹ, ಮರ ಮೊದಲಾದ ನಾನಾ ವಸ್ತುಗಳಲ್ಲಿ ಕೊಳಲುಗಳನ್ನು ಮಾಡಿ ಪರೀಕ್ಷಿಸಿದರು. ಕೊನೆಗೆ ಮರಳಿ ಬಂದುದು ಬಿದಿರಿಗೇ. ಸುಮಾರು 32 ಅಂಗುಲ, ಎಂದರೆ ಮೂರೂವರೆ ಗೇಣು ಉದ್ದದ ಕೊಳಲು ಅವರ ಮನಸ್ಸಿಗೆ ಒಪ್ಪಿತು. ಅಷ್ಟು ಉದ್ದಕ್ಕೆ ನಡುವೆ ಗಿಣ್ಣಿಲ್ಲದ, ತೆಳುವಾದ ಗೋಡೆಯ ನೇರ ಬಿದಿರು ದೊರೆಯುವುದೇ ಕಷ್ಟ. ದೊರೆತ ಮೇಲೆ ಅದನ್ನು ನುಡಿಸುವುದು ಇನ್ನೂ ಕಷ್ಟ. ರಂಧ್ರಗಳು ದೂರದೂರ ಸರಿಯುವುವು, ದೊಡ್ಡವೂ ಆಗುವುವು. ಬೆರಳಿನ ತುದಿಯಿಂದ ಮುಚ್ಚಲು ಬಾರದೆ ಬೆರಳಿನ ಮೆತ್ತನೆಯ ಭಾಗವನ್ನು ಚಾಚಿ ಇಡಬೇಕಾಗುವುದು. ಕೂದಲೆಳೆಯಷ್ಟು ಸಂದು ಉಳಿದರೂ ಮಂದ್ರದ ಸ್ವರ ಸತ್ತುಹೋಗುವುದು. ಉಸಿರಾದರೋ ಗಿಡ್ಡ ಕೊಳಲಿಗಿಂತ ಎಷ್ಟೋ ಹೆಚ್ಚು ಬೇಕು. ಗರಡಿಯ ಹುಡುಗನ ಎದೆ ಇಲ್ಲಿ ಕೆಲಸಕ್ಕೆ ಬಂದಿತು.

ಇಷ್ಟಾದರೂ ಒಂದು ತೊಡಕು ಉಳಿಯಿತು. ಅದನ್ನು ಬಿಡಿಸಿ ಹೇಳುವೆವು. ಮನೆಯಲ್ಲಿ ಆರು ರಂಧ್ರದ ಕೊಳಲಿರುವವರು ಕೈಯಲ್ಲಿ ಹಿಡಿದು ನೋಡಬಹುದು. ಮೇಲಿನ ಮೂರು ರಂಧ್ರಗಳನ್ನು ಮುಚ್ಚಿದರೆ ಷಡ್ಜ. ಒಂದೊಂದಾಗಿ ಬಿಡುತ್ತ ಹೋಗಿ ಆರನ್ನೂ ತೆರೆದರೆ ತೀವ್ರ ಮಧ್ಯಮ, ಎಂದರೆ ಕರ್ಣಾಟಕ ಸಂಗೀತದವರ ಪ್ರತಿ ಮಧ್ಯಮ. ಅದರ ಮುಂದಿನ ಸ್ವರ ಪಂಚಮ. ಅದಕ್ಕೆ ಆರು ರಂಧ್ರಗಳನ್ನೂ ಒಮ್ಮೆಗೇ ಮುಚ್ಚಿ ಬಲವಾಗಿ ಊದಬೇಕು. ಹತ್ತಿರ ಹತ್ತಿರದ ಎರಡು ಸ್ವರಗಳ ನಡುವೆ ಬೆರಳುಗಳಿಗೆ ಇಷ್ಟು ದೊಡ್ಡ ನೆಗೆತ! ಹಾಡುವವನ ಕಂಠವು ಮಧ್ಯಮದಿಂದ ಪಂಚಮಕ್ಕೆ ಎಣ್ಣೆಯ ಧಾರೆಯಂತೆ ಜಾರುವುದು. ಕೊಳಲು ಅಲ್ಲಿ ಕಂದಕವನ್ನು ದಾಟುವ ಕುದುರೆಯಂತೆ ನೆಗೆಯಬೇಕು. ಯಮನ್ ರಾಗವನ್ನು, ಎಂದರೆ ನಮ್ಮ ಕಲ್ಯಾಣಿಯನ್ನು, ಇಂಥ ಕೊಳಲಿನಲ್ಲಿ ಗಾಯಕಿಯ ಪದ್ಧತಿಯಿಂದ ನುಡಿಸುವುದೆಂತು? ಮಂದ್ರದಲ್ಲಿ ಪಂಚಮದ ಕೆಳಗಿನ ತೀವ್ರ ಮಧ್ಯಮವಂತೂ ಆರು ರಂಧ್ರದ ಕೊಳಲಿನಲ್ಲಿ ಇಲ್ಲವೇ ಇಲ್ಲ.

ಪನ್ನಾಲಾಲರು ಕೊಳಲಿನ ಕೆಳತುದಿಯ ಕಡೆಗೆ, ಸಾಲಿನಿಂದ ಸ್ವಲ್ಪ ಪಕ್ಕಕ್ಕೆ, ಬಲಗೈಯ ಕಿರುಬೆರಳಿಗೆ ಎಟುಕುವಂತೆ ಏಳನೆಯ ರಂಧ್ರವೊಂದನ್ನು ಕೊರೆದರು. ಏಳನ್ನೂ ಮುಚ್ಚಿದರೆ ಆ ಕಾಣೆಯಾಗಿದ್ದ ಮಂದ್ರದ ತೀವ್ರ ಮಧ್ಯಮ ದೊರೆಯಿತು. ಅದೇ ಬೆರಳಿಕೆಯಲ್ಲಿ ಬಲವಾಗಿ ಊದಿದರೆ ಮಧ್ಯಸ್ಥಾಯಿಯ ತೀವ್ರ ಮಧ್ಯಮ. ಅಲ್ಲಿಂದ ಕಿರುಬೆರಳೊಂದನ್ನು ಮೆಲ್ಲನೆ ಸರಿಸಿದರೆ ಪಂಚಮಕ್ಕೆ ಜಾರಿಕೆ. ಕಂದಕಕ್ಕೆ ಸೇತುವೆಯಾಯಿತು. ಕ್ಲಾರಿಯೊನೆಟ್ಟನ್ನು ಕಲಿಯುವವರಿಗೂ ಇಂಥದೇ ಕಂದಕವೊಂದುಂಟು: ಕೆಳಗಿನ ಸ್ತರದ ಕೊನೆಯ ಸ್ವರಗಳಲ್ಲಿ ಬೆರಳುಗಳೆಲ್ಲ ಬಹುಮಟ್ಟಿಗೆ ತೆರೆದಿರುವುವು, ಮುಂದಿನ ಸ್ವರಕ್ಕೆ ಎಲ್ಲವೂ ಮುಚ್ಚಬೇಕು. ಯೂರೋಪಿನ ಕುಶಲಿಗಳು ಆ ವಾದ್ಯಕ್ಕೆ ಕೀಲಿಗಳನ್ನು ಒಂದರ ಮೇಲೊಂದು ಜೋಡಿಸುತ್ತ ಹೋದರು. ಪನ್ನಾಲಾಲರು ಒಂದು ಕೀಲಿಯನ್ನೂ ಜೋಡಿಸಲಿಲ್ಲ. ಒಂದು ತೂತನ್ನು ಕೊರೆದರು, ಅಷ್ಟೆ. ನಮಗೆ ಈ ಸರಳತೆಯೇ ಅವರ ಪ್ರತಿಭೆಯ ಗುರುತಾಗಿ ಕಾಣುತ್ತದೆ.

ವಾದ್ಯವು ಸಿದ್ಧವಾದರೆ ಸಾಲದು, ಅದರಲ್ಲಿ ಹೇಳುವ ಮಾತು ಬೇಕು. 1936ರಲ್ಲಿ ಅವರು ಹಾರ್ಮೋನಿಯಂ ವಾದಕರಾದ ಖುಷಿ ಮಹಮ್ಮದ್ ಖಾನರಲ್ಲಿ ವಿಧಿವತ್ತಾಗಿ ಶಿಷ್ಯವೃತ್ತಿಯನ್ನು ಆರಂಭಿಸಿದರು. ಬಳಿಕ ಗಿರಿಜಾಶಂಕರ ಚಕ್ರವರ್ತಿಗಳಲ್ಲಿ ಕಲಿತರು. 1938ರಲ್ಲಿ ಸರೈಕೆಲಾ ಸಂಸ್ಥಾನದ ಛಾವು ನೃತ್ಯದ ತಂಡದೊಡನೆ ಯೂರೋಪಿನಲ್ಲಿ ಸಂಚರಿಸಿ ಬಂದರು. 1940ರಲ್ಲಿ ಮುಂಬಯಿಗೆ ನೆಲೆಯನ್ನು ಬದಲಾಯಿಸಿದರು. ಅವರ ಪತ್ನಿ ಪಾರುಲ್ ಘೋಷರು ಒಳ್ಳೆಯ ಗಾಯಕಿ, ಸಂಗೀತ ನಿರ್ದೇಶಕರಾದ ಅನಿಲ್ ಬಿಸ್ವಾಸರ ತಂಗಿ. ಮಲಾಡಿನಲ್ಲಿದ್ದ ಬಾಂಬೆ ಟಾಕೀಸಿನ ಚಿತ್ರಗಳಲ್ಲಿ ಪನ್ನಾಲಾಲರು ದುಡಿದರು, ಕೆಲವಕ್ಕೆ ಸಂಗೀತವನ್ನೂ ಒದಗಿಸಿದರು. ಶಾಸ್ತ್ರೀಯ ಸಂಗೀತಗಾರನಿಗೆ ಚಲನಚಿತ್ರವು ಕಾಲಹರಣವೆಂದು ಹಳಿಯುವವರಿದ್ದಾರೆ. ನಾವು ಅದನ್ನು ಒಪ್ಪುವುದಿಲ್ಲ. 1956ರಲ್ಲಿ ತೆರೆಕಂಡ ಬಸಂತ್ ಬಹಾರ್ ಎಂಬ ಹಿಂದಿ ಚಿತ್ರದಲ್ಲಿ ಅವರ ಕೊಳಲು ಕೇಳಿಸುತ್ತದೆ. ಸಂಗೀತ ಕಚೇರಿಯ ಬಾಗಿಲನ್ನು ಎಂದೂ ತುಳಿಯದ ಲಕ್ಷಾಂತರ ಜನರ ಕಿವಿಗೆ ಆ ದನಿ ಮುಟ್ಟಿದುದು ಹಾಗೆಯೇ. ಆ ಚಿತ್ರದ ಕಥೆಯಾದರೂ ಯಾರದು? ನಮ್ಮ ತ.ರಾ.ಸು. ಅವರ ಹಂಸಗೀತೆ ಕಾದಂಬರಿಯ ಆಧಾರದಿಂದ ಹೊರಟದ್ದು. ಚಿತ್ರದುರ್ಗದ ಗಾಯಕನ ಕಥೆಗೆ ಬಾರಿಸಾಲಿನ ಕೊಳಲು ಉಸಿರನ್ನು ಕೊಟ್ಟಿತು.

ಈಗ ಹೇಳುವ ಸಂಗತಿಯನ್ನು ವಿದ್ಯಾರ್ಥಿಗಳು ಗಮನವಿಟ್ಟು ಓದಬೇಕು. 1947ರ ಹೊತ್ತಿಗೆ ಪನ್ನಾಲಾಲರಿಗೆ ಮೂವತ್ತಾರು ವರ್ಷ. ದೇಶವೆಲ್ಲ ಹೆಸರು, ಮನೆತುಂಬ ಕೆಲಸ, ಸುತ್ತಲೂ ಶಿಷ್ಯರು. ಆ ವಯಸ್ಸಿನಲ್ಲಿ, ಆ ಸ್ಥಿತಿಯಲ್ಲಿ, ಅವರು ಎಲ್ಲವನ್ನೂ ಬದಿಗಿರಿಸಿ ಮೈಹರ್ ಎಂಬ ಸಣ್ಣ ಊರಿಗೆ ಹೋಗಿ ಉಸ್ತಾದ್ ಅಲ್ಲಾಉದ್ದೀನ್ ಖಾನರ ಮುಂದೆ ಹೊಸ ಹುಡುಗನಂತೆ ಕುಳಿತರು. ಇದರಲ್ಲಿ ಕಳೆದುಕೊಳ್ಳುವುದು ಸ್ವಲ್ಪವಲ್ಲ. ಗುರುವು ತಿದ್ದಹೊರಟರೆ, ಜನ ಮೆಚ್ಚಿದ ನುಡಿಸಾಣಿಕೆಯೇ ತಪ್ಪೆಂದು ತಿಳಿಯಬಹುದು. ಹಳೆಯ ಅಭ್ಯಾಸ ಕಳಚಿ ಹೊಸದು ಹತ್ತುವ ಮೊದಲೇ ಕಚೇರಿಗಳು ಕೈತಪ್ಪಬಹುದು. ಖಾನರ ಕೋಪವು ಲೋಕಪ್ರಸಿದ್ಧ. ಅವರಾದರೂ ವಾದ್ಯಗಳ ಸಮುದ್ರವೇ ಆಗಿದ್ದವರು. ಸರೋದಿನಲ್ಲಿ ಹೆಸರಾಗುವ ಮೊದಲು ಕಲ್ಕತ್ತೆಯಲ್ಲಿ ಪಿಟೀಲನ್ನೂ ಕ್ಲಾರಿಯೊನೆಟ್ಟನ್ನೂ ಕಲಿತಿದ್ದರು. ಮೈಹರಿನಲ್ಲಿ ಅನಾಥ ಮಕ್ಕಳನ್ನು ಕೂಡಿಸಿ ವಾದ್ಯಗಳನ್ನು ಕಲಿಸಿ ಮೈಹರ್ ಬ್ಯಾಂಡನ್ನು ಕಟ್ಟಿದ್ದರು. ಊದುವ ವಾದ್ಯದ ಕಷ್ಟಸುಖಗಳನ್ನು ಬಲ್ಲ ಗುರು ದೊರೆತುದು ಪನ್ನಾಲಾಲರ ಭಾಗ್ಯ. ಅಲ್ಲಿಂದ ಬಂದ ಮೇಲೆ ಅವರ ಆಲಾಪವು ಇನ್ನೂ ನಿಧಾನವಾಯಿತು, ಇನ್ನೂ ಆಳವಾಯಿತು. ಮಂದ್ರಕ್ಕಾಗಿ ಅವರು ಇನ್ನೂ ಉದ್ದವಾದ ಕೊಳಲೊಂದನ್ನು ಬೇರೆಯಾಗಿಯೇ ಮಾಡಿಸಿಕೊಂಡು ಕಚೇರಿಯಲ್ಲಿ ಬಳಸುತ್ತಿದ್ದರು. ದೀಪಾವಳಿ, ಚಂದ್ರಮೌಳಿ, ನೂಪುರಧ್ವನಿ ಎಂಬ ಹೊಸ ರಾಗಗಳನ್ನೂ ಅವರು ಕಲ್ಪಿಸಿದರು.

ಈಗ ಕನ್ನಡದವರ ಪಾಲಿಗೆ ಬರೋಣ. ಮುಂಬಯಿಯಲ್ಲಿ ಅವರ ಬಳಿ ಕಲಿತ ಮುಖ್ಯ ಶಿಷ್ಯರಲ್ಲಿ ದೇವೇಂದ್ರ ಮುರ್ಡೇಶ್ವರ, ನಿರಂಜನ ಹಳದೀಪುರ, ವಿ. ಜಿ. ಕಾರ್ನಾಡ್ ಎಂಬ ಮೂವರ ಹೆಸರುಗಳನ್ನು ಕೇಳಿದೊಡನೆ ಭೂಗೋಳದ ಪಾಠ ಓದಿದ ಯಾವ ಕನ್ನಡ ಬಾಲಕನೂ ತಲೆಯೆತ್ತುವನು. ಮುರುಡೇಶ್ವರ, ಹಳದೀಪುರ, ಕಾರ್ನಾಡು ಇವೆಲ್ಲ ನಮ್ಮ ಪಡುವಣ ಕರಾವಳಿಯ ಊರುಗಳು. ಹೊಟ್ಟೆಪಾಡಿಗೂ ವಿದ್ಯೆಗೂ ಮುಂಬಯಿಗೆ ಹೋದ ಮನೆತನಗಳು ಊರ ಹೆಸರನ್ನು ಬೆನ್ನಿಗೆ ಕಟ್ಟಿಕೊಂಡು ಹೋದುವು. ಬಂಗಾಳಿ ಗುರುವಿನ ಕೊಳಲಿಗೆ ಉತ್ತರಾಧಿಕಾರಿಗಳು ಆ ಮನೆಗಳಿಂದಲೇ ಬಂದರು. ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ವಾದ್ಯದ ದನಿಯನ್ನು ಶಿಷ್ಯನ ಬಾಯಲ್ಲಿ ಹುಟ್ಟಿಸುವುದು ಹೇಗೆ? ಬೆರಳಿಕೆಯನ್ನು ಒಂದು ವಾರದಲ್ಲಿ ತೋರಿಸಬಹುದು. ದನಿಯನ್ನು ತೋರಿಸಲು ಬಾರದು, ಏಕೆಂದರೆ ತುಟಿಯ ಒಳಗೆ ನಡೆಯುವ ಕೆಲಸ ಕಣ್ಣಿಗೆ ಕಾಣದು. ಈ ಪರಂಪರೆಯಲ್ಲಿ ಅದಕ್ಕಿರುವ ದಾರಿ ಹಾಡು ಮತ್ತು ದೀರ್ಘಸ್ವರ. ಶಿಷ್ಯನು ಸ್ವರವನ್ನು ಮೊದಲು ಕಂಠದಿಂದ ಹಾಡಿಕೊಳ್ಳಬೇಕು. ಮನಸ್ಸಿನಲ್ಲಿ ಒಳ್ಳೆಯ ದನಿ ಮೂಡದೆ ಕೊಳಲಿನಲ್ಲಿ ಮೂಡದು. ಬಳಿಕ ತಂಬೂರಿಯ ಶ್ರುತಿಯೊಡನೆ ಮಂದ್ರದ ಸ್ವರಗಳನ್ನು ಒಂದೊಂದಾಗಿ, ಒಂದು ಉಸಿರು ಮುಗಿಯುವ ತನಕ, ಅಲುಗದಂತೆ ಹಿಡಿಯಬೇಕು. ಮೊದಮೊದಲು ತಲೆ ಸುತ್ತುವುದು, ಸ್ವರ ನಡುಗುವುದು, ನಡುವೆ ಅಡಗಿಹೋಗುವುದು. ತಿಂಗಳುಗಳು ಕಳೆದ ಮೇಲೆ ಒಂದು ದಿನ ಕೊಳಲಿನ ಬಿದಿರೆಲ್ಲ ಬೆರಳ ಕೆಳಗೆ ಸಣ್ಣಗೆ ಮಿಡಿಯುವುದು ಕೈಗೆ ತಿಳಿಯುತ್ತದೆ. ದನಿ ಕೂಡಿತೆಂಬುದಕ್ಕೆ ಅದು ಗುರುತು. ಮಂದ್ರವು ಕೂಡಿದವನಿಗೆ ಮೇಲಿನ ಸ್ಥಾಯಿ ತಾನಾಗಿ ಮೃದುವಾಗುವುದು. ಮೇಲಿನಿಂದ ಮೊದಲು ಮಾಡಿದವನಿಗೆ ಕೆಳಗಿನದು ಎಂದೂ ಕೂಡದು. ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಹಿಡಿಯುವ ಬಾಲಕರು ಕವಾಯತಿನ ಗತ್ತುಗಳನ್ನು ಬಿರುಸಾಗಿ ನುಡಿಸುವ ಆತುರದಲ್ಲಿ ತಮ್ಮ ವಾದ್ಯದ ಕೆಳಗಿನ ಸ್ತರವನ್ನು ಮುಟ್ಟುವುದೇ ಇಲ್ಲ. ಆ ವಾದ್ಯದ ಅತ್ಯಂತ ಸುಂದರವಾದ ದನಿ ಇರುವುದು ಅಲ್ಲಿಯೇ. ದಿನವೂ ಬೆಳಿಗ್ಗೆ ಕಾಲುಗಂಟೆ ಕೆಳಗಿನ ಸ್ವರಗಳನ್ನು ಹೀಗೆ ಹಿಡಿದು ನೋಡಿದರೆ ಪನ್ನಾಲಾಲರ ದಾರಿ ಅವರಿಗೂ ದಾರಿಯೇ ಎಂಬುದು ತಿಳಿದೀತು.

1956ರಲ್ಲಿ ದಿಲ್ಲಿಯ ಆಕಾಶವಾಣಿಯು ತನ್ನ ವಾದ್ಯವೃಂದದ ನಿರ್ದೇಶನವನ್ನು ಅವರಿಗೆ ವಹಿಸಿತು. ಅದಕ್ಕೆ ಮೊದಲು ಆ ಸ್ಥಾನದಲ್ಲಿದ್ದವರು ಪಂಡಿತ ರವಿಶಂಕರರು. ಅಶೋಕನ ಯುದ್ಧವನ್ನು ವಸ್ತುವಾಗಿ ಉಳ್ಳ ಕಳಿಂಗವಿಜಯ ಎಂಬ ವೃಂದರಚನೆಯು ಪನ್ನಾಲಾಲರ ಆ ಕಾಲದ ಹೆಸರಾದ ಕೃತಿ. ಕೆಲಸ ಬಹಳವಿತ್ತು, ವಿಶ್ರಾಂತಿ ಕಡಮೆಯಿತ್ತು. 1960ರ ಏಪ್ರಿಲ್ 20ರಂದು ದಿಲ್ಲಿಯಲ್ಲಿ ಹೃದಯಾಘಾತದಿಂದ ಅವರು ಕಾಲವಶರಾದರು. ನಲವತ್ತೊಂಬತ್ತು ಇನ್ನೂ ತುಂಬಿರಲಿಲ್ಲ. ಅವರ ಕೊಳಲಿರುವ ಮೊಘಲ್-ಎ-ಆಜಂ ಚಿತ್ರವು ಅದೇ ವರ್ಷದ ಆಗಸ್ಟಿನಲ್ಲಿ ಜನರೆದುರಿಗೆ ಬಂದಿತು, ಕೊಳಲಿನ ಒಡೆಯನಿರಲಿಲ್ಲ.

ದೇವೇಂದ್ರ ಮುರ್ಡೇಶ್ವರರು ಗುರುವಿನ ಅಳಿಯರೂ ಆಗಿದ್ದವರು. ಆಕಾಶವಾಣಿಯಲ್ಲಿ ಸೇವೆ ಸಲ್ಲಿಸುತ್ತ, ಕಲಿಸುತ್ತ, 2000ದವರೆಗೆ ಬಾಳಿದರು. ನಿರಂಜನ ಹಳದೀಪುರರ ಪುತ್ರರಾದ ನಿತ್ಯಾನಂದ ಹಳದೀಪುರರು ತಂದೆಯಿಂದ ಆರಂಭಿಸಿ, ಮುರ್ಡೇಶ್ವರರಲ್ಲಿಯೂ ಕಲಿತು, ಆಮೇಲೆ ಅಲ್ಲಾಉದ್ದೀನ್ ಖಾನರ ಮಗಳಾದ ಅನ್ನಪೂರ್ಣಾದೇವಿಯವರ ಶಿಷ್ಯರಾದರು. ಪನ್ನಾಲಾಲರು ಮೈಹರಿಗೆ ಹೋದ ಹಾದಿಯನ್ನು ಮುಂದಿನ ತಲೆಮಾರು ಹೀಗೆ ಮತ್ತೊಮ್ಮೆ ತುಳಿಯಿತು. ಉದ್ದ ಕೊಳಲನ್ನು ಉತ್ತರಾದಿಯವರೆಲ್ಲ ಒಪ್ಪಿಕೊಂಡರು. ಇಂದು ಆ ಪದ್ಧತಿಯ ಕಚೇರಿಯಲ್ಲಿ ಅದಿಲ್ಲದೆ ಕೊಳಲಿಲ್ಲ. ಏಳನೆಯ ರಂಧ್ರದ ವಿಷಯ ಹಾಗಾಗಲಿಲ್ಲ. ಬಹಳ ಮಂದಿ ದೊಡ್ಡ ವಾದಕರು ಆರೇ ರಂಧ್ರಗಳಲ್ಲಿ ತುಟಿಯ ಜಾಣ್ಮೆಯಿಂದ ಆ ಕಂದಕವನ್ನು ದಾಟುತ್ತಾರೆ. ಕೊಳಲಿನ ಕೆಳಗೆ ಒಂದು ಪಕ್ಕಕ್ಕೆ ಆ ಸಣ್ಣ ತೂತು ಕಂಡರೆ ಮಾತ್ರ, ನುಡಿಸುವವರು ಪನ್ನಾಲಾಲರ ಮನೆಯವರು ಎಂದು ತಿಳಿದವರು ಗುರುತಿಸುತ್ತಾರೆ.